ಮಂಗಳವಾರ ಬಾರದವರು: ಮಾನಸಿಕ ಆರೋಗ್ಯ ಸೇವೆ ಯಾರಿಗೆ, ಎಷ್ಟು?

ಎರಡು ಲಕ್ಷ ಜನರಿರುವ ಒಂದು ತಾಲ್ಲೂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರಲ್ಲಿ ವಯಸ್ಕರು ಸುಮಾರು 1.4 ಲಕ್ಷ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆ ಕಾಡುವ ಕಾಯಿಲೆ), ಬೈಪೋಲಾರ್‌ (ಮನಸ್ಸು ಅತಿ ಉತ್ಸಾಹ, ಅತಿ ಖಿನ್ನತೆಗಳ ನಡುವೆ ತೂಗುವ ಕಾಯಿಲೆ) ಇಂಥ ತೀವ್ರ ಕಾಯಿಲೆಗಳು ಶೇ 0.8ರಷ್ಟು ಮಂದಿಯಲ್ಲಿದ್ದವು. ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ, ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕ ಹಂತವಷ್ಟೇ ನಡೆದಿತ್ತು. ಅಂದಾಜಿಗೆ ಆ ಪ್ರಮಾಣವನ್ನೇ ಇಟ್ಟುಕೊಂಡರೆ ನಮ್ಮ ತಾಲ್ಲೂಕಿನಲ್ಲಿ ಸುಮಾರು 15 ಸಾವಿರ ಜನರಿಗೆ ಯಾವುದಾದರೊಂದು ಬಗೆಯ ನೆರವು ಬೇಕು. ಅವರಲ್ಲಿ 1,100 ಮಂದಿಯದು ತೀವ್ರ ಕಾಯಿಲೆ.

ಅವರಿಗಾಗಿ ಇರುವುದೇನು? ಕರ್ನಾಟಕದಲ್ಲಿ 2014ರಿಂದ ‘ಮನೋಚೈತನ್ಯ’ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ನಡೆಯುತ್ತಿದೆ. ‘ಸೂಪರ್ ಟ್ಯೂಸ್‌ಡೇ’ ಎಂದರೆ ಆಸ್ಪತ್ರೆಯವರಿಗೆಲ್ಲ ಗೊತ್ತು. ಮನೋವೈದ್ಯರು ತಿಂಗಳ ನಾಲ್ಕೂ ಮಂಗಳವಾರ ತಪ್ಪದೆ ಬಂದರು, ಐದು ಗಂಟೆ ಕೂತು 60 ಜನರನ್ನು ನೋಡಿದರು ಎಂದೇ ಇಟ್ಟುಕೊಳ್ಳೋಣ. ಒಬ್ಬರಿಗೆ ಐದು ನಿಮಿಷದಂತೆ ತಿಂಗಳಿಗೆ 240 ಜನ. ತೀವ್ರ ಕಾಯಿಲೆಯ 1,100 ಮಂದಿಗೇ ಇದು ಸಾಲದು. ಉಳಿದ 14 ಸಾವಿರದ ಮಾತು ಎತ್ತುವಂತೆಯೇ ಇಲ್ಲ.

ಈ ಲೆಕ್ಕ ನೋಡಿದವರು ಸಾಮಾನ್ಯವಾಗಿ ಹೇಳುವುದು, ಮನೋವೈದ್ಯರ ಸಂಖ್ಯೆ ಹೆಚ್ಚಿಸಬೇಕು ಎಂದು. ಹೆಚ್ಚಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ, ಪ್ರಮಾಣ 0.75 ಎನ್ನುತ್ತಾರೆ. ಇರಬೇಕಾದದ್ದು ಕನಿಷ್ಠ ಮೂವರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 31ನೇ ಕಲಂ, ಕಾಯ್ದೆ ಜಾರಿಯಾದ ಹತ್ತು ವರ್ಷದೊಳಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿತವಾದ ಪ್ರಮಾಣಕ್ಕೆ ತಜ್ಞರ ಸಂಖ್ಯೆಯನ್ನು ಮುಟ್ಟಿಸಲು ಸರ್ಕಾರ ಶ್ರಮಿಸಬೇಕು ಎನ್ನುತ್ತದೆ. ಕಾಯ್ದೆ ಜಾರಿಯಾದದ್ದು 2018ರಲ್ಲಿ, ಗಡುವು 2028. ಆ ಗುರಿ ಮುಟ್ಟಿದರೂ ನಮ್ಮ ತಾಲ್ಲೂಕಿಗೆ ಸಿಗುವುದು ಆರು ಮಂದಿ ಮನೋವೈದ್ಯರು, ಕಾಯುತ್ತಿರುವವರು 15 ಸಾವಿರ. ಆದ್ದರಿಂದ ಎಷ್ಟು ಮಂದಿ ವೈದ್ಯರಿದ್ದಾರೆ ಎಂಬುದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಇರುವವರ ಸಮಯ ಯಾರಿಗೆ ಹೋಗುತ್ತಿದೆ, ಅದನ್ನು ನಿರ್ಧರಿಸುತ್ತಿರುವುದು ಯಾವುದು?

ಸದ್ಯಕ್ಕೆ ಅದನ್ನು ಬಸ್ಸು ನಿರ್ಧರಿಸುತ್ತಿದೆ. ಊರಿಂದ ಆಸ್ಪತ್ರೆಗೆ ಎಷ್ಟು ದೂರ, ಜೊತೆಗೆ ಬರಲು ಯಾರಾದರೂ ಇದ್ದಾರೆಯೇ, ಒಂದು ದಿನದ ಕೂಲಿ ಬಿಡಲು ಆಗುತ್ತದೆಯೇ, ‘ಅವರ ಮನೆಯ ಹುಡುಗಿಗೆ ತಲೆ ಸರಿ ಇಲ್ಲವಂತೆ’ ಎಂಬ ಮಾತಿಗೆ ಅಂಜದೆ ಸಾಲಿನಲ್ಲಿ ನಿಲ್ಲುವ ಧೈರ್ಯ ಇದೆಯೇ, ಇವೇ ಜರಡಿ ಹಿಡಿಯುತ್ತವೆ. ತನಗೆ ಕಾಯಿಲೆ ಇದೆ ಎಂದು ತಾನೇ ಒಪ್ಪದವರು, ಕೋಣೆ ಬಿಟ್ಟು ಹೊರಬರದವರು, ಮನೆ ಬಿಟ್ಟು ಬಸ್‌ ನಿಲ್ದಾಣದಲ್ಲಿ ಮಲಗುವವರು ಈ ಜರಡಿಯಲ್ಲಿ ಮೊದಲೇ ಉದುರಿಹೋಗುತ್ತಾರೆ. ತೀವ್ರ ಕಾಯಿಲೆ ಇರುವವರಲ್ಲೂ ನಾಲ್ವರಲ್ಲಿ ಸುಮಾರು ಮೂವರು ಚಿಕಿತ್ಸೆಯ ಹೊರಗಿದ್ದಾರೆ ಎಂದು ಅದೇ ಸಮೀಕ್ಷೆ ಹೇಳಿತು. ಕಾಯಿಲೆ ಬಲಿತಷ್ಟೂ ಆಸ್ಪತ್ರೆಯ ಬಾಗಿಲು ದೂರವಾಗುವ ಇಂಥ ವಿಲಕ್ಷಣ ಸ್ಥಿತಿ ಹೃದ್ರೋಗದಲ್ಲಿ ಇಲ್ಲ, ಕಾಲು ಮುರಿದರೂ ಇಲ್ಲ. ಎದೆನೋವು ಹೆಚ್ಚಾದವರನ್ನು ಊರೇ ಸೇರಿ ಗಾಡಿಗೆ ಹತ್ತಿಸುತ್ತದೆ.

ಮಂಗಳವಾರದ ಸಾಲಿನಲ್ಲಿ ಮಾಮೂಲಾಗಿ ಕಾಣುವ ಒಂದು ದೃಶ್ಯ ಇದು. ಅರವತ್ತು ದಾಟಿದ ತಾಯಿಯೊಬ್ಬರು ಪ್ಲಾಸ್ಟಿಕ್ ಕವರಿನಿಂದ ಮಡಚಿ ಮಡಚಿ ಸವೆದ ಚೀಟಿ ತೆಗೆದು ಮೇಜಿನ ಮೇಲಿಡುತ್ತಾರೆ. ‘ಅವನು ಬರಲ್ಲ ಅಂತ ಹಟ ಹಿಡಿದ ಸಾರ್, ಗುಳಿಗೆ ಕೊಟ್ಬಿಡಿ.’ ‘ತಗೋತಾನಾ ಸರಿಯಾಗಿ?’ ‘ತಗೋತಾನೆ ಸಾರ್... ಒಂದೊಂದು ದಿನ ತಗೊಳಲ್ಲ.’ ಹಿಂದೆ ಇನ್ನೂ ನಲವತ್ತು ಜನ ನಿಂತಿದ್ದಾರೆ. ಹಳೆಯ ಮದ್ದನ್ನೇ ಒಂದು ತಿಂಗಳಿಗೆ ಬರೆದು ಚೀಟಿ ವಾಪಸು ಕೊಡಲಾಗುತ್ತದೆ. ರಿಜಿಸ್ಟರಿನಲ್ಲಿ ಇದು ‘ಹಳೆಯ ರೋಗಿ, ಫಾಲೋಅಪ್ ಆಗಿದೆ’ ಎಂದು ದಾಖಲಾಗುತ್ತದೆ. ನಿಜಕ್ಕೂ ಆದದ್ದೇನು? ರೋಗಿ ಬಂದಿಲ್ಲ, ಗುಳಿಗೆ ತಪ್ಪುತ್ತಿದೆ, ತಾಯಿಗೆ ವಯಸ್ಸಾಗಿದೆ. ಈ ಮನೆಗೆ ಬೇಕಾದ ಸೇವೆಯ ಮಟ್ಟ ಏರಿದೆ ಎಂಬುದಕ್ಕೆ ಇಷ್ಟು ಸುಳಿವು ಸಾಕು. ಆದರೆ ಆ ಸುಳಿವನ್ನು ಹಿಡಿದುಕೊಂಡು ಮುಂದಿನ ವಾರ ಆ ಮನೆಗೆ ಹೋಗಿ ನೋಡುವ ಹುದ್ದೆ ಆ ಕೋಣೆಯಲ್ಲಿ ಇಲ್ಲ. ಐದು ನಿಮಿಷದಲ್ಲಿ ಚೀಟಿ ಬರೆದ ವೈದ್ಯರನ್ನು ದೂರಿ ಫಲವಿಲ್ಲ.

ಅಗತ್ಯದ ಮಟ್ಟ ಎಂದಾಗ ಅದನ್ನು ಕಾಯಿಲೆಯ ಹೆಸರಿನ ಜೊತೆ ತಳಕು ಹಾಕುವ ರೂಢಿಯಿದೆ. ಖಿನ್ನತೆ ಎಂದರೆ ಸಣ್ಣದು, ಸ್ಕಿಜೋಫ್ರೇನಿಯಾ ಎಂದರೆ ದೊಡ್ಡದು ಎಂಬ ಎಣಿಕೆ. ಇದು ಅರ್ಧ ಸತ್ಯ. ಸ್ಕಿಜೋಫ್ರೇನಿಯಾ ಇರುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನಿಗೆ ತಾಯಿ ದಿನವೂ ಗುಳಿಗೆ ಎಣಿಸಿ ಕೊಡುತ್ತಾಳೆ. ಅಣ್ಣನ ಕಿರಾಣಿ ಅಂಗಡಿಯಲ್ಲಿ ಸಾಮಾನು ಕಟ್ಟುವ ಕೆಲಸವಿದೆ, ರಾತ್ರಿ ನಿದ್ದೆ ಬರುತ್ತದೆ. ಅವನಿಗೆ ಮೂರು ತಿಂಗಳ ಗುಳಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ (ಪಿಎಚ್‌ಸಿ) ಸಿಕ್ಕರೆ ಸಾಕು, ಮನೋವೈದ್ಯರು ಆರು ತಿಂಗಳಿಗೊಮ್ಮೆ ನೋಡಿದರಾಯಿತು. ಇನ್ನೊಬ್ಬಳನ್ನು ಗಂಡ ತವರಿಗೆ ಬಿಟ್ಟುಹೋಗಿದ್ದಾನೆ, ತಂದೆ ತೀರಿಕೊಂಡಿದ್ದಾರೆ, ಅಣ್ಣ–ಅತ್ತಿಗೆಯ ಮನೆಯಲ್ಲಿ ಹಿಂದಿನ ಕೋಣೆಯೇ ಗತಿ. ಕಾಯಿಲೆಯ ಹೆಸರು ಅದೇ, ಬರೆದ ಗುಳಿಗೆಯೂ ಬಹುಶಃ ಅದೇ. ಬೇಕಾದ ಸೇವೆ ಮಾತ್ರ ಬೇರೆ. ಅವಳಿಗೆ ಮನೆಗೆ ಬರುವ ನರ್ಸ್ ಬೇಕು, ಅತ್ತಿಗೆಯ ಜೊತೆ ಮಾತನಾಡುವ ಸಮಾಜ ಕಾರ್ಯಕರ್ತೆ ಬೇಕು, ಅಂಗವಿಕಲರ ಪ್ರಮಾಣಪತ್ರ ಬೇಕು, ಪಿಂಚಣಿ ಬೇಕು. ಹಗಲು ಹೊತ್ತು ಹೋಗಿ ಕೂರಲು, ನಾಲ್ಕು ಜನರ ಜೊತೆ ಬೆರೆಯಲು ಒಂದು ಜಾಗವೂ ಬೇಕಾಗಬಹುದು. ಹಾಗೆಯೇ, ‘ಬರೀ ಖಿನ್ನತೆ’ ಎಂದು ಬರೆಸಿಕೊಂಡ ಬಾಣಂತಿಯೊಬ್ಬಳು ಕೂಸನ್ನು ಎತ್ತಿಕೊಳ್ಳಲೂ ಆಗದ ಸ್ಥಿತಿಯಲ್ಲಿದ್ದರೆ ಅವಳು ಸಾಲಿನ ಮುಂದೆ ಬರಬೇಕಾದವಳು.

ಹೀಗೆ ಅಳೆಯುವ ಸಾಧನ ನಮ್ಮಲ್ಲಿ ಇಲ್ಲವೆಂದಲ್ಲ. ಮಾನಸಿಕ ಕಾಯಿಲೆಯಿಂದ ಬಂದ ಅಂಗವೈಕಲ್ಯವನ್ನು ಪ್ರಮಾಣೀಕರಿಸಲು ‘ಐಡಿಯಾಸ್’ ಎಂಬ ಭಾರತೀಯ ಮಾಪಕವಿದೆ. ತನ್ನ ಆರೈಕೆ ತಾನು ಮಾಡಿಕೊಳ್ಳುತ್ತಾರೆಯೇ, ಜನರೊಂದಿಗೆ ಹೇಗೆ ಬೆರೆಯುತ್ತಾರೆ, ಮಾತುಕತೆ ಮತ್ತು ಗ್ರಹಿಕೆ ಹೇಗಿದೆ, ಕೆಲಸ ಮಾಡಲು ಆಗುತ್ತದೆಯೇ ಎಂಬ ನಾಲ್ಕು ವಿಷಯಗಳಿಗೆ ಅಂಕ ಕೊಟ್ಟು, ಕಾಯಿಲೆ ಎಷ್ಟು ವರ್ಷದ್ದು ಎಂಬುದನ್ನೂ ಸೇರಿಸಿ ಶೇಕಡಾವಾರು ಲೆಕ್ಕ ಹಾಕುತ್ತಾರೆ. ಶೇ 40 ಮುಟ್ಟಿದರೆ ಪ್ರಮಾಣಪತ್ರ. ಒಬ್ಬ ವ್ಯಕ್ತಿಯ ಬದುಕು ಎಷ್ಟು ಕುಸಿದಿದೆ ಎಂದು ಇಷ್ಟು ಕಾಳಜಿಯಿಂದ ಅಳೆದ ಮೇಲೆ, ಆ ಅಂಕ ಕಾರ್ಡಿನ ಮೇಲೆ ಅಚ್ಚಾಗುವುದಕ್ಕಷ್ಟೇ ಬಳಕೆಯಾಗುತ್ತದೆ. ಅವರನ್ನು ಎಷ್ಟು ದಿನಕ್ಕೊಮ್ಮೆ, ಯಾರು, ಎಲ್ಲಿ ನೋಡಬೇಕು ಎಂಬುದನ್ನು ನಿರ್ಧರಿಸಲು ಅದನ್ನು ಯಾರೂ ಕೇಳುವುದಿಲ್ಲ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಹಣವೂ ಬೇಡ. ಇರುವ ಮಾಹಿತಿಯನ್ನು ಚಿಕಿತ್ಸೆಯ ಕೋಣೆಗೆ ತಂದರೆ ಸಾಕು.

ಜಗತ್ತಿನ ಬೇರೆಡೆ ಅಗತ್ಯಕ್ಕೂ ಸೇವೆಗೂ ನಡುವಿನ ಈ ಹೊಂದಾಣಿಕೆಗೆ ಹೆಸರುವಾಸಿಯಾದ ಮಾದರಿ ಇಂಗ್ಲೆಂಡಿನದು. ಅಲ್ಲಿ 2008ರಿಂದ ಖಿನ್ನತೆ ಮತ್ತು ಆತಂಕಕ್ಕೆ ಹಂತ ಹಂತದ ಆರೈಕೆ ಇದೆ. ಸೌಮ್ಯ ತೊಂದರೆಗೆ ಮಾರ್ಗದರ್ಶನದೊಂದಿಗೆ ಸ್ವಸಹಾಯ, ಅದು ಸಾಲದಿದ್ದರೆ ತರಬೇತಾದ ಚಿಕಿತ್ಸಕರೊಂದಿಗೆ ಮಾತಿನ ಚಿಕಿತ್ಸೆ, ಅದೂ ಸಾಲದಿದ್ದರೆ ತಜ್ಞರು. ಪ್ರತಿ ಭೇಟಿಯಲ್ಲೂ ಪ್ರಶ್ನಾವಳಿಯಿಂದ ಅಳೆಯುತ್ತಾರೆ, ಅಂಕ ಇಳಿಯದಿದ್ದರೆ ಮೇಲಿನ ಹಂತಕ್ಕೆ ಕಳಿಸುತ್ತಾರೆ. ಎಲ್ಲರನ್ನೂ ಕೆಳಗಿನ ಮೆಟ್ಟಿಲಿಂದಲೇ ಹತ್ತಿಸಬೇಕೇ, ಮೊದಲ ದಿನವೇ ಅಳೆದು ಸರಿಯಾದ ಮೆಟ್ಟಿಲಲ್ಲಿ ನಿಲ್ಲಿಸಬೇಕೇ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. 2022ರಲ್ಲಿ ಪ್ರಕಟವಾದ ಅಲ್ಲಿನ ಒಂದು ಪ್ರಯೋಗದಲ್ಲಿ, ಆರಂಭದಲ್ಲೇ ಅಳೆದು ಹಂತ ನಿರ್ಧರಿಸಿದವರು ಹೆಚ್ಚು ಚೇತರಿಸಿಕೊಂಡರು. ಖರ್ಚೂ ಸ್ವಲ್ಪ ಹೆಚ್ಚಾಯಿತು.

ಈ ಮಾದರಿಯನ್ನು ಹಾಗೆಯೇ ತಂದು ನಮ್ಮ ತಾಲ್ಲೂಕಿನಲ್ಲಿ ನೆಡಬಹುದು ಎನ್ನುವವರ ಜೊತೆ ನನ್ನ ತಕರಾರಿದೆ. ಮೆಟ್ಟಿಲು ಹತ್ತಿಸುವ ಏರ್ಪಾಡು ನಿಂತಿರುವುದು ಒಂದು ನಂಬಿಕೆಯ ಮೇಲೆ: ಮೊದಲ ಹಂತದಲ್ಲಿ ಗುಣ ಕಾಣದವರು ಮತ್ತೆ ಬರುತ್ತಾರೆ, ಆಗ ಅವರನ್ನು ಮೇಲಕ್ಕೆ ಕಳಿಸಬಹುದು. ನಮ್ಮಲ್ಲಿ ಗುಣ ಕಾಣದವರು ಮತ್ತೆ ಬರುವುದಿಲ್ಲ. ದೇವಸ್ಥಾನಕ್ಕೆ ಹೋಗುತ್ತಾರೆ, ದರ್ಗಾಕ್ಕೆ ಹೋಗುತ್ತಾರೆ, ಯಂತ್ರ ಕಟ್ಟಿಸುತ್ತಾರೆ, ಪಕ್ಕದ ಪಟ್ಟಣದ ಖಾಸಗಿ ವೈದ್ಯರಲ್ಲಿ ಸಾಲ ಮಾಡಿ ತೋರಿಸುತ್ತಾರೆ, ಇಲ್ಲವೇ ಮನೆಯಲ್ಲೇ ಇರುತ್ತಾರೆ. ರಿಜಿಸ್ಟರಿನ ಕಣ್ಣಿಗೆ ವಾಸಿಯಾಗಿ ಬರದವರೂ ಬಿಗಡಾಯಿಸಿ ಬರದವರೂ ಒಂದೇ, ಎರಡೂ ಖಾಲಿ ಸಾಲು. ಆದ್ದರಿಂದ ಇಲ್ಲಿ ಅಗತ್ಯಕ್ಕೆ ತಕ್ಕ ಸೇವೆ ಕೊಡಬೇಕಾದರೆ ಮೊದಲು ಖರ್ಚು ಮಾಡಬೇಕಾದದ್ದು ಬಾರದವರನ್ನು ಹುಡುಕಿಕೊಂಡು ಹೋಗುವ ಕೆಲಸಕ್ಕೆ. ಈ ಲೇಖನದ ವಾದ ಇಷ್ಟೇ.

ಇದು ಕಾಗದದ ಮೇಲಿನ ಆಸೆಯೇ? ಅಲ್ಲ ಎನ್ನಲು ಕರ್ನಾಟಕದಲ್ಲೇ ಪುರಾವೆ ಇದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸುಮಾರು 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಿನಲ್ಲಿ ಗುರುತಿಸಿ, ಸ್ಥಳೀಯವಾಗಿಯೇ ಚಿಕಿತ್ಸೆ ಕೊಡುವ ಕೆಲಸ ನಡೆಸಿತು. ಮುಂದೆ ತುರುವೇಕೆರೆ, ಜಗಳೂರು ತಾಲ್ಲೂಕುಗಳಿಗೂ ಅದು ಹಬ್ಬಿತು. ಮಲೆನಾಡಿನ ಒಂಟಿ ಮನೆಗಳು, ಮಳೆಗಾಲದ ದಾರಿ, ದಿನಕ್ಕೆ ಒಂದೆರಡು ಬಸ್ಸು. ಅಂಥಲ್ಲಿ ಗ್ರಾಮಮಟ್ಟದ ಆರೋಗ್ಯ ಕಾರ್ಯಕರ್ತರ ನೆರವಿನಿಂದ ರೋಗಿಗಳನ್ನು ಪತ್ತೆ ಮಾಡಲಾಯಿತು. ಅವರಲ್ಲಿ ವರ್ಷಗಟ್ಟಲೆ ಯಾವ ಚಿಕಿತ್ಸೆಯನ್ನೂ ಕಾಣದವರಿದ್ದರು. ಬಾರದವರನ್ನು ಸಂಪರ್ಕಿಸಿ ಮತ್ತೆ ಕರೆತರುವುದನ್ನೂ ಕೆಲಸದ ಭಾಗವಾಗಿಯೇ ಮಾಡಲಾಯಿತು. ಗುಳಿಗೆ ತಪ್ಪದೆ ಪಡೆದವರ ಅಂಗವೈಕಲ್ಯ ವರ್ಷದೊಳಗೆ ಗಮನಾರ್ಹವಾಗಿ ಇಳಿದದ್ದನ್ನು, ಚಿಕಿತ್ಸೆಯ ಹೊರಗೆ ಉಳಿದವರಲ್ಲಿ ಅಂಥ ಬದಲಾವಣೆ ಕಾಣದ್ದನ್ನು ಆ ತಂಡ 2009ರಲ್ಲಿ ಪ್ರಕಟಿಸಿತು. ಅಲ್ಲಿ ಹೊಸ ಔಷಧ ಏನೂ ಬಳಕೆಯಾಗಲಿಲ್ಲ. ದಶಕಗಳಿಂದ ಸಿಗುತ್ತಿದ್ದ ಅಗ್ಗದ ಗುಳಿಗೆಗಳೇ ಸರಿಯಾದ ಮನೆಗೆ, ತಪ್ಪದೆ ತಲುಪಿದವು.

ಬಳ್ಳಾರಿಯ ಕಥೆ ಇದಕ್ಕಿಂತ ಹಳೆಯದು. ಇಂದು ದೇಶದ 767 ಜಿಲ್ಲೆಗಳಿಗೆ ಮಂಜೂರಾಗಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಚ್ಚು ತಯಾರಾದದ್ದು ಅಲ್ಲಿ, 1985ರಿಂದ 1990ರವರೆಗೆ. ಅದಕ್ಕೂ ಮುಂಚೆ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್ ಗ್ರಾಮೀಣ ಮನೋವೈದ್ಯಕೀಯದ ಪ್ರಯೋಗ ಶುರು ಮಾಡಿತ್ತು. ಬಳ್ಳಾರಿಯಲ್ಲಿ ಪಿಎಚ್‌ಸಿ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು, ಕೆಲವೇ ಕೆಲವು ಅಗತ್ಯ ಔಷಧಗಳನ್ನು ಪಿಎಚ್‌ಸಿವರೆಗೆ ತಲುಪಿಸಿದರು, ಜಿಲ್ಲಾ ಕೇಂದ್ರದ ತಂಡ ಬೆನ್ನಿಗೆ ನಿಂತಿತು. ಸುಲಭದ್ದನ್ನು ಕೆಳಗೇ ನಿಭಾಯಿಸಿ, ಕಷ್ಟದ್ದನ್ನಷ್ಟೇ ಮೇಲೆ ಕಳಿಸುವುದು ಅದರ ತಿರುಳಾಗಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಇದನ್ನು ಬೇರೆ ಜಿಲ್ಲೆಗಳಿಗೆ ವಿಸ್ತರಿಸಿದ ಮೇಲೆ ಹಲವೆಡೆ ತಿರುಳು ಸೋರಿಹೋಗಿ, ಜಿಲ್ಲಾ ತಂಡ ಜೀಪಿನಲ್ಲಿ ಬಂದು ಗುಳಿಗೆ ಹಂಚಿ ಹೋಗುವ ಶಿಬಿರವಷ್ಟೇ ಉಳಿಯಿತು. ತರಬೇತಿ ಪಡೆದ ಪಿಎಚ್‌ಸಿ ವೈದ್ಯರು ವರ್ಗವಾದರು, ಹೊಸಬರಿಗೆ ತರಬೇತಿ ತಡವಾಯಿತು. ಜನರೂ ‘ತಲೆಯ ಡಾಕ್ಟರು ಬರಲಿ’ ಎಂದು ಕಾಯುವುದನ್ನು ಕಲಿತರು.

ಸೌಮ್ಯ ಮತ್ತು ಮಧ್ಯಮ ಮಟ್ಟದ ಖಿನ್ನತೆ–ಆತಂಕದ ವಿಷಯಕ್ಕೆ ಬಂದರೆ ಇನ್ನೂ ಬೇಸರವಾಗುತ್ತದೆ, ಏಕೆಂದರೆ ಪರಿಹಾರ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಇಂಥವರು ಪಿಎಚ್‌ಸಿಗೆ ಬರುವುದು ಮನಸ್ಸಿನ ಮಾತು ಹೇಳಿಕೊಂಡಲ್ಲ. ಸುಸ್ತು, ಮೈ ಉರಿ, ತಲೆಭಾರ, ಎದೆ ಡವಡವ, ಗ್ಯಾಸು, ನಿದ್ದೆ ಇಲ್ಲ ಎಂದು ಬರುತ್ತಾರೆ. ಒಂದು ವಿಟಮಿನ್ ಇಂಜೆಕ್ಷನ್, ಒಂದು ಗ್ಯಾಸಿನ ಗುಳಿಗೆ, ಕೆಲವೊಮ್ಮೆ ನಿದ್ದೆ ಗುಳಿಗೆ ತೆಗೆದುಕೊಂಡು ಹೋಗುತ್ತಾರೆ. ಆ ನಿದ್ದೆ ಗುಳಿಗೆ ಮೆಡಿಕಲ್ ಶಾಪಿನಲ್ಲಿ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಮುಂದುವರಿಯುವುದೂ ಉಂಟು.

ಗೋವಾದಲ್ಲಿ ನಡೆದು 2010ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ‘ಮಾನಸ್’ ಪ್ರಯೋಗ ಇದೇ ಜನರನ್ನು ಎದುರಿಗಿಟ್ಟುಕೊಂಡಿತ್ತು. ಮನೋವೈದ್ಯಕೀಯದ ಹಿನ್ನೆಲೆಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಕ್ಲಿನಿಕ್‌ಗಳಲ್ಲಿ ಕೂರಿಸಿದರು. ಸೌಮ್ಯ ತೊಂದರೆಯವರಿಗೆ ತಿಳಿವಳಿಕೆಯ ಮಾತು, ಮಧ್ಯಮದವರಿಗೆ ಗುಳಿಗೆ ಅಥವಾ ಮಾತಿನ ಚಿಕಿತ್ಸೆ, ಆತ್ಮಹತ್ಯೆಯ ಅಪಾಯ ಇದ್ದರೆ ಅಥವಾ ಗುಣ ಕಾಣದಿದ್ದರೆ ಮನೋವೈದ್ಯರು. ಸರ್ಕಾರಿ ಪಿಎಚ್‌ಸಿಗಳಲ್ಲಿ ಆರು ತಿಂಗಳ ನಂತರ ಈ ಏರ್ಪಾಡಿನಲ್ಲಿದ್ದವರಲ್ಲಿ ನೂರಕ್ಕೆ ಸುಮಾರು 66 ಮಂದಿ ಚೇತರಿಸಿಕೊಂಡಿದ್ದರು, ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಸುಮಾರು 42 ಮಂದಿ. ಖಾಸಗಿ ಕ್ಲಿನಿಕ್‌ಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ. ಹೊಸ ಕೈಯ ನೆರವಿನಿಂದ ಹೆಚ್ಚು ಲಾಭವಾದದ್ದು ಜನಜಂಗುಳಿಯ ಸರ್ಕಾರಿ ಕೇಂದ್ರಗಳಲ್ಲೇ.

ನಮ್ಮಲ್ಲಿ ಆ ಕೈ ಯಾವುದು? ಕಾಗದದ ಮೇಲೆ ಉತ್ತರ ಸಿದ್ಧವಾಗಿದೆ. ಆಶಾ ಕಾರ್ಯಕರ್ತೆ ಮನೆಮನೆಯಲ್ಲಿ ತುಂಬುವ ಆರೋಗ್ಯ ಪರಿಶೀಲನಾ ನಮೂನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಪ್ರಶ್ನೆಗಳ ಜೊತೆ ಮನಸ್ಸಿನ ಬಗ್ಗೆಯೂ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರದಲ್ಲಿ ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿತ್ತೇ, ಮನಸ್ಸು ಕುಗ್ಗಿತ್ತೇ? ಅಂಕ ಹೆಚ್ಚು ಬಂದರೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಕಳಿಸಬೇಕು. ಪ್ರಶ್ನೆ ಕೇಳುವುದು ಸುಲಭ. ‘ಹೌದು, ಎರಡು ವಾರದಿಂದ ಬದುಕೇ ಬೇಡ ಅನ್ನಿಸುತ್ತಿದೆ’ ಎಂದು ಒಬ್ಬ ಹೆಣ್ಣುಮಗಳು ಜಗುಲಿಯ ಮೇಲೆ ಕೂತು ಹೇಳಿಬಿಟ್ಟರೆ ಆ ಆಶಾ ಏನು ಮಾಡಬೇಕು? ಕೇಳಿದ ಮೇಲೆ ಮುಂದಿನ ಹಂತ ಕೈಯಲ್ಲಿರಬೇಕು, ಇಲ್ಲದಿದ್ದರೆ ಕೇಳಿಸಿಕೊಂಡವಳಿಗೂ ಹೇಳಿಕೊಂಡವಳಿಗೂ ಅನ್ಯಾಯ. ಜೊತೆಗೆ, ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಎಷ್ಟು ಹೊರೆ ಇದೆ ಎಂಬುದನ್ನು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತು ಅವರೇ ಹೇಳಿದ್ದಾರೆ. ಮಾನಸಿಕ ಆರೋಗ್ಯದ ಕೆಲಸವನ್ನೂ ಸಂಭಾವನೆಯಿಲ್ಲದೆ ಅವರ ಚೀಲಕ್ಕೆ ತುರುಕುವುದು ಯೋಜನೆಯಲ್ಲ, ಶೋಷಣೆ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ (14416) ಇಲ್ಲಿ ನಿಜವಾದ ಆಸರೆ. ಇಪ್ಪತ್ತು ಭಾಷೆಗಳಲ್ಲಿ ಸೇವೆ ಇದೆ, ಕನ್ನಡದಲ್ಲೂ ಮಾತನಾಡಬಹುದು. ಈವರೆಗೆ 20 ಲಕ್ಷಕ್ಕೂ ಹೆಚ್ಚು ಕರೆಗಳನ್ನು ನಿಭಾಯಿಸಿದೆ. ಮೊದಲು ಆಪ್ತಸಮಾಲೋಚಕರು, ಅಗತ್ಯ ಬಿದ್ದರೆ ತಜ್ಞರು ಎಂಬ ಎರಡು ಹಂತಗಳಿವೆ. ಪರೀಕ್ಷೆಯ ಭಯ, ನಿದ್ರಾಹೀನತೆ, ಮನೆಯ ಜಗಳ, ಒಂಟಿತನ ಇಂಥವಕ್ಕೆ ರಾತ್ರಿ ಹನ್ನೊಂದಕ್ಕೂ ಒಂದು ದನಿ ಸಿಗುವುದು ಸಣ್ಣ ಮಾತಲ್ಲ. ಆದರೆ ಫೋನು ಮಾಡುವುದೂ ಒಂದು ಜರಡಿಯೇ. ತನ್ನ ವಿರುದ್ಧ ಊರೇ ಸಂಚು ಮಾಡುತ್ತಿದೆ ಎಂದು ನಂಬಿರುವ ಯುವಕ 14416 ಒತ್ತುವುದಿಲ್ಲ. ಅವನ ತಂಗಿ ಒತ್ತಬಹುದು. ಹಾಗೆ ಒತ್ತಿದಾಗ ಆ ಕರೆ ಒಂದು ಸಲಹೆಯಲ್ಲಿ ಮುಗಿಯದೆ, ಅದೇ ತಾಲ್ಲೂಕಿನ ಒಬ್ಬ ನರ್ಸಿನ ಪಟ್ಟಿಗೆ ಒಂದು ವಿಳಾಸವಾಗಿ ಸೇರಬೇಕು.

ಕೆಳಗಿನ ಹಂತ ಫೋನಿನಿಂದ ತುಂಬುತ್ತಿದೆ, ಮೇಲಿನ ಹಂತದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ದೊಡ್ಡ ಮಾನಸಿಕ ಆಸ್ಪತ್ರೆಗಳಿವೆ. ನಡುವೆ ದೊಡ್ಡ ಖಾಲಿ ಜಾಗ. 2023-24ರ ಕೇಂದ್ರ ಬಜೆಟ್ಟಿನಲ್ಲಿ ನಿಮ್ಹಾನ್ಸ್‌ಗೆ 721 ಕೋಟಿ ರೂಪಾಯಿ, ಟೆಲಿ ಮಾನಸ್‌ಗೆ ಸುಮಾರು 134 ಕೋಟಿ ಸಿಕ್ಕಿತು. ನಿಮ್ಹಾನ್ಸ್ ನರರೋಗ, ನರಶಸ್ತ್ರಚಿಕಿತ್ಸೆ, ಸಂಶೋಧನೆ, ತಜ್ಞರ ತರಬೇತಿ ಎಲ್ಲವನ್ನೂ ಹೊತ್ತ ರಾಷ್ಟ್ರೀಯ ಸಂಸ್ಥೆ. ಅದಕ್ಕೆ ಕೊಟ್ಟದ್ದು ಹೆಚ್ಚಾಯಿತು ಎಂದು ನಾನು ಹೇಳಲಾರೆ. ನಡುವಿನ ಖಾಲಿ ಜಾಗ ತುಂಬಬೇಕಾದ ಸೇವೆಗಳಿಗೆ ಯಾರ ಹೆಸರಿನಲ್ಲಿ ಎಷ್ಟು ಇಟ್ಟಿದ್ದಾರೆ ಎಂಬುದು ನನ್ನ ಪ್ರಶ್ನೆ. ಹಗಲು ಆರೈಕೆ ಕೇಂದ್ರಗಳು (ನಮ್ಮ ರಾಜ್ಯದಲ್ಲಿ ‘ಮಾನಸಧಾರಾ’ ಹೆಸರಿನಲ್ಲಿವೆ), ಹಾಫ್‌ವೇ ಹೋಮ್‌ಗಳು (ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಗಳು), ಮನೆಭೇಟಿಯ ನರ್ಸುಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಈ ನಡುವಿನವರು. ಬೆಂಗಳೂರಿನಲ್ಲಿ 1964ರಲ್ಲಿ ಹುಟ್ಟಿದ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, ಅನಂತರದ ರಿಚ್‌ಮಂಡ್ ಫೆಲೋಶಿಪ್ ಸೊಸೈಟಿಯಂಥ ಸಂಸ್ಥೆಗಳು ಇಂಥ ಮನೆಗಳನ್ನು ದಶಕಗಳಿಂದ ನಡೆಸಿ ತೋರಿಸಿವೆ. ಜಿಲ್ಲೆಗಳಲ್ಲಿ ಅಂಥ ಮನೆ ಹುಡುಕಿಕೊಂಡು ಹೋದರೆ ಸಿಗುವುದು ಅಪರೂಪ.

ನಡುವೆ ಮೆಟ್ಟಿಲಿಲ್ಲದಿದ್ದರೆ ಮೇಲೆ ಹತ್ತಿದವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ದೇಶದ 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಸ್ಥಿತಿ ನೋಡಿ 2019ರಲ್ಲಿ ಪ್ರಕಟವಾದ ವರದಿಯೊಂದು, ಒಳಗಿರುವವರಲ್ಲಿ ಶೇ 36ರಷ್ಟು ಮಂದಿ, ಅಂದರೆ 4,935 ಜನ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಅಲ್ಲೇ ಇದ್ದಾರೆಂದು ಲೆಕ್ಕ ಕೊಟ್ಟಿತು. ಅವರಲ್ಲಿ ಹಲವರಿಗೆ ಈಗ ಬೇಕಿರುವುದು ಒಂದು ಮನೆ, ಒಂದಿಷ್ಟು ಆಸರೆ. 2017ರ ಕಾಯ್ದೆಯ 19ನೇ ಕಲಂ ಸಮುದಾಯದ ನಡುವೆ ಬದುಕುವ ಹಕ್ಕನ್ನು ಅವರಿಗೆ ಕೊಟ್ಟಿದೆ. ಹಕ್ಕಿದ್ದರೂ ಹೋಗಲು ಜಾಗವಿಲ್ಲ. ಅದೇ ಹಾಸಿಗೆಗಾಗಿ ಹೊರಗೆ ತೀರಾ ಬಿಗಡಾಯಿಸಿದ ರೋಗಿಯ ಮನೆಯವರು ಅಂಗಲಾಚುತ್ತಾರೆ.

ಅಗತ್ಯ ಮತ್ತು ಸೇವೆ ಅತ್ಯಂತ ಕ್ರೂರವಾಗಿ ತಪ್ಪಿಹೋಗುವ ಜಾಗ ಇನ್ನೊಂದಿದೆ: ಕ್ಯಾಶುವಾಲ್ಟಿ. 2022ರಲ್ಲಿ ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆ ಮಾಡಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಪ್ರಯತ್ನಿಸಿ ಬದುಕುಳಿದವರು ಇದರ ಹಲವು ಪಟ್ಟು. ಕೀಟನಾಶಕ ಕುಡಿದವರನ್ನು ರಾತ್ರೋರಾತ್ರಿ ಆಸ್ಪತ್ರೆಗೆ ತರುತ್ತಾರೆ, ಹೊಟ್ಟೆ ತೊಳೆಯುತ್ತಾರೆ, ಪೊಲೀಸರಿಗಾಗಿ ಎಂಎಲ್‌ಸಿ (ಕಾನೂನು ಪ್ರಕರಣದ ದಾಖಲೆ) ಬರೆಯುತ್ತಾರೆ, ನಾಲ್ಕು ದಿನ ಐಸಿಯುನಲ್ಲಿಟ್ಟು ಜೀವ ಉಳಿಸುತ್ತಾರೆ. ಉಳಿಸಿದ ವೈದ್ಯರಿಗೂ ನರ್ಸುಗಳಿಗೂ ಕೈಮುಗಿಯಬೇಕು. ಆಮೇಲೆ ಡಿಸ್ಚಾರ್ಜ್. ಒಮ್ಮೆ ಪ್ರಯತ್ನಿಸಿದವರಲ್ಲಿ ಮತ್ತೊಮ್ಮೆ ಪ್ರಯತ್ನಿಸುವ ಅಪಾಯ ಬೇರೆಲ್ಲರಿಗಿಂತ ಹೆಚ್ಚು, ಅದೂ ಮನೆಗೆ ಹೋದ ಮೊದಲ ವಾರಗಳಲ್ಲಿ. ಕಾಯ್ದೆಯ 115ನೇ ಕಲಂ ಇವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಇಡೀ ತಾಲ್ಲೂಕಿನಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವ ವ್ಯಕ್ತಿ ಯಾರೂ ಹುಡುಕದೆ ತಾನಾಗಿ ಆಸ್ಪತ್ರೆಯೊಳಗೆ ಬಂದು, ನಾಲ್ಕು ದಿನ ಮಲಗಿ, ಮಂಗಳವಾರ ಅಲ್ಲದ ಕಾರಣಕ್ಕೆ ಯಾವ ಆಪ್ತಸಮಾಲೋಚಕರನ್ನೂ ಕಾಣದೆ ಹೊರಟುಹೋಗುತ್ತಾರೆ ಎಂದರೆ, ನನಗೆ ಇದಕ್ಕಿಂತ ದೊಡ್ಡ ಹೊಂದಾಣಿಕೆಯ ಸೋಲು ಕಾಣುವುದಿಲ್ಲ.

ಔಷಧಗಳಲ್ಲೂ ಇದೇ ಪಾಡು. ಬೈಪೋಲಾರ್ ಇರುವವರಿಗೆ ಲಿಥಿಯಂ ಬಹಳ ಒಳ್ಳೆಯ ಮದ್ದು, ಅಗ್ಗವೂ ಹೌದು. ಆದರೆ ರಕ್ತದಲ್ಲಿ ಅದರ ಮಟ್ಟ ಆಗಾಗ ನೋಡುತ್ತಿರಬೇಕು. ಬೇರೆ ಗುಳಿಗೆಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ಇದೆ, ಅದಕ್ಕೆ ಬಿಳಿ ರಕ್ತಕಣಗಳ ಎಣಿಕೆ ಬೇಕೇ ಬೇಕು. ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಬೇಕೆಂದರೆ ಹಳ್ಳಿಯ ರೋಗಿಗೆ ವೈದ್ಯರು ಆ ಮದ್ದು ಬರೆಯಲು ಹಿಂದೆಮುಂದೆ ನೋಡುತ್ತಾರೆ. ಕಾಯಿಲೆ ಗಟ್ಟಿಯಾದವರಿಗೆ ಮೆದು ಮದ್ದು ಸಿಗುವುದು ಹೀಗೆ.

ಹಾಗಾದರೆ ಮೊದಲು ಏನಾಗಬೇಕು? ಮಂಗಳವಾರದ ಕ್ಲಿನಿಕ್ಕಿಗೆ ಒಬ್ಬ ಪೂರ್ಣಾವಧಿ ನರ್ಸ್ ಅಥವಾ ಸಮಾಜ ಕಾರ್ಯಕರ್ತರು, ಅವರಿಗೆ ವಾರದ ಉಳಿದ ದಿನಗಳಲ್ಲಿ ಊರೂರು ತಿರುಗಲು ಪ್ರಯಾಣ ಭತ್ಯೆ. ಬಂದವರನ್ನು ಮೊದಲ ಅರ್ಧ ಗಂಟೆಯಲ್ಲೇ ವಿಂಗಡಿಸಿ, ಕಾಯಿಲೆ ಹತೋಟಿಗೆ ಬಂದವರಿಗೆ ಅವರ ಪಿಎಚ್‌ಸಿಯಲ್ಲೇ ಮೂರು ತಿಂಗಳ ಗುಳಿಗೆ ಸಿಗುವಂತೆ ಮಾಡಿದರೆ ಸಾಲು ಅರ್ಧ ಕರಗುತ್ತದೆ. ಮನೋವೈದ್ಯರ ಐದು ನಿಮಿಷ ಹತ್ತಾಗುತ್ತದೆ. ಆ ಹತ್ತು ನಿಮಿಷ ಹೊಸಬರಿಗೆ, ಗುಣ ಕಾಣದವರಿಗೆ, ಮಗನ ಬದಲು ತಾನೇ ಬಂದ ತಾಯಿಗೆ ಸಲ್ಲಬೇಕು. ಹೀಗೆ ವಿಂಗಡಿಸುವುದರಲ್ಲಿ ಒಂದು ಅಪಾಯವೂ ಇದೆ, ಮುಚ್ಚಿಡಬಾರದು. ಒಮ್ಮೆ ‘ಸೌಮ್ಯ’ ಎಂದು ಬರೆದ ಚೀಟಿ ಹಣೆಬರಹವಾಗಿ ಉಳಿದುಬಿಡಬಹುದು. ಬೆಳೆ ಕೈಕೊಟ್ಟ ವರ್ಷ, ಹೆರಿಗೆಯಾದ ತಿಂಗಳು, ಗುಳಿಗೆ ಎಣಿಸಿಕೊಡುತ್ತಿದ್ದ ತಾಯಿ ತೀರಿಕೊಂಡ ವಾರ, ಇಂಥ ಸಮಯದಲ್ಲಿ ಮಟ್ಟವನ್ನು ಮತ್ತೆ ಅಳೆಯಲೇಬೇಕೆಂಬ ನಿಯಮ ಇಲ್ಲದಿದ್ದರೆ ವಿಂಗಡಣೆಯಿಂದ ಒಳಿತಿಗಿಂತ ಕೆಡುಕೇ ಹೆಚ್ಚು.

ಎಲ್ಲಕ್ಕಿಂತ ಅಗ್ಗದ ಬದಲಾವಣೆ ತಿಂಗಳ ವರದಿಯಲ್ಲಿ ಆಗಬಹುದು. ಈಗ ಜಿಲ್ಲೆಯಿಂದ ಮೇಲಕ್ಕೆ ಹೋಗುವ ಲೆಕ್ಕದಲ್ಲಿ ಎದ್ದು ಕಾಣುವುದು ಎಷ್ಟು ಜನರನ್ನು ನೋಡಿದೆವು ಎಂಬ ಸಂಖ್ಯೆ. ಅದರ ಪಕ್ಕದಲ್ಲಿ ಇನ್ನೆರಡು ಕಾಲಂ ಬೇಕು: ತೀವ್ರ ಕಾಯಿಲೆಯವರಲ್ಲಿ ಈ ತಿಂಗಳು ಬರಬೇಕಿದ್ದು ಬಾರದವರು ಎಷ್ಟು, ಅವರಲ್ಲಿ ಎಷ್ಟು ಮನೆಗಳಿಗೆ ಹೋಗಿ ನೋಡಲಾಯಿತು. ಆ ಎರಡನೆಯ ಸಂಖ್ಯೆ ಮೊದಲನೆಯದಕ್ಕೆ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ಜಿಲ್ಲೆಗೆ ಮುಂದಿನ ವರ್ಷದ ಹಣವನ್ನೂ ಹುದ್ದೆಗಳನ್ನೂ ಕೊಡುವಂತಾಗಲಿ. 2028ರ ಗಡುವಿನೊಳಗೆ ಲಕ್ಷಕ್ಕೆ ಮೂವರು ಮನೋವೈದ್ಯರು ನಮಗೆ ಸಿಗಲಾರರು, ಆದರೆ ಈ ಎರಡು ಕಾಲಂಗಳನ್ನು ಮುಂದಿನ ತಿಂಗಳ ಒಂದನೇ ತಾರೀಖಿಗೇ ಶುರು ಮಾಡಬಹುದು.